ಸೆಕೆಂಡ್ ಹ್ಯಾಂಡ್ ಗೇಮ್ ಕೊಂಡವರು ಆನ್‌ಲೈನ್ ಆಟಕ್ಕೆ ಮತ್ತೆ ಹಣ ತೆರಬೇಕೆ?

ಬಳಸಿದ ಗೇಮ್ ಕೊಂಡವರಿಂದ ಆನ್‌ಲೈನ್ ಆಟಕ್ಕೆ ಬೇರೆ ಶುಲ್ಕ ಕೇಳುವುದು ನ್ಯಾಯವೇ ಎಂದು ಕೇಳಿದ್ದೀರಿ. ಶುಲ್ಕ ವಿಧಿಸಲು ಕಂಪನಿಗಳಿಗೆ ಕಾನೂನಿನ ಅಡ್ಡಿಯೇನೂ ಇರಲಿಲ್ಲ; ಆದರೆ ಅದಕ್ಕೆ ಅವು ಕೊಟ್ಟ ಕಾರಣವನ್ನು ನಾನು ಒಪ್ಪಲಾರೆ.

2010ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ತನ್ನ ಕ್ರೀಡಾ ಗೇಮ್‌ಗಳಲ್ಲಿ ‘ಆನ್‌ಲೈನ್ ಪಾಸ್’ ಪದ್ಧತಿಯನ್ನು ತಂದಿತು. ಹೊಸ ಡಿಸ್ಕಿನ ಜೊತೆ ಬರುವ ಕೋಡ್ ಒಂದೇ ಸಲ ನಡೆಯುತ್ತಿತ್ತು. ಆಮೇಲೆ ಆ ಡಿಸ್ಕ್ ಕೊಂಡವರು 7 ದಿನಗಳ ಉಚಿತ ಅವಧಿ ಮುಗಿದ ಮೇಲೆ 10 ಡಾಲರ್ ತೆರಬೇಕಾಗಿತ್ತು. ಮರುವರ್ಷ ಸೋನಿ, ಯೂಬಿಸಾಫ್ಟ್ ಕೂಡ ಇದೇ ದಾರಿ ಹಿಡಿದವು. ಆ ಕಾಲದಲ್ಲಿ ನಾನು ಕೊಂಡ ಡಿಸ್ಕಿನ ಡಬ್ಬಿಯೊಳಗೆ ಕೋಡಿನ ಚೀಟಿ ಮಡಿಕೆಯೂ ಮುರಿಯದೆ ಹಾಗೇ ಇತ್ತು. ಒಂದೊಂದೇ ಅಕ್ಷರವನ್ನು ಕಂಟ್ರೋಲರ್‌ನಿಂದ ಒತ್ತಿ ಮುಗಿಸಿದ ಮೇಲೆ, ಈ ಕೋಡ್ ಈಗಾಗಲೇ ಬಳಕೆಯಾಗಿದೆ ಎಂಬ ಉತ್ತರ ಬಂತು.

ಪ್ರತಿಯೊಬ್ಬ ಹೊಸ ಆಟಗಾರನಿಂದಲೂ ಸರ್ವರ್ ವೆಚ್ಚ ಏರುತ್ತದೆ ಎಂಬುದು ಕಂಪನಿಗಳ ವಾದ. ಆದರೆ ಡಿಸ್ಕ್ ಮಾರಿದವನು ಆಟ ಬಿಟ್ಟ ಮೇಲಷ್ಟೇ ನಾನು ಅವನ ಜಾಗಕ್ಕೆ ಬಂದೆ. ಒಂದು ಡಿಸ್ಕಿಗೆ ಒಬ್ಬ ಆಟಗಾರ ಎಂಬ ಲೆಕ್ಕವು ಮೊದಲ ಮಾರಾಟದಲ್ಲೇ ಸಂದಾಯವಾಗಿತ್ತು. ಇದಕ್ಕೆ ಒಂದು ಗಟ್ಟಿಯಾದ ಮರುಮಾತಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ: ಬಹುತೇಕರು ಕೆಲವೇ ವಾರಗಳಲ್ಲಿ ಬೇಸತ್ತು ಡಿಸ್ಕನ್ನು ಮೂಲೆಗಿಡುತ್ತಾರೆ, ಅದು ಕೈ ಬದಲಾಯಿಸಿದರೆ ಮಾತ್ರ ಸರ್ವರ್ ಮೇಲಿನ ಹೊರೆ ಮುಂದುವರಿಯುತ್ತದೆ. ಹಾಗಿದ್ದರೂ ತಾನು ಕೊಂಡದ್ದನ್ನು ವರ್ಷಗಟ್ಟಲೆ ಆಡುವ ಮೊದಲ ಗಿರಾಕಿಯಿಂದ ಯಾರೂ ಹೆಚ್ಚುವರಿ ಹಣ ಕೇಳಲಿಲ್ಲವಲ್ಲ!

ನಿಜವಾದ ಸಂಕಟ ಬೇರೆಯೇ ಇತ್ತು. ಒಂದೇ ಡಿಸ್ಕನ್ನು ಅಂಗಡಿಗಳು ಮತ್ತೆ ಮತ್ತೆ ಮಾರಿ ಲಾಭ ಮಾಡಿಕೊಳ್ಳುತ್ತಿದ್ದವು, ಅದರಲ್ಲಿ ಗೇಮ್ ತಯಾರಿಸಿದವರಿಗೆ ಕವಡೆಯೂ ಸಿಗುತ್ತಿರಲಿಲ್ಲ. ಅಮೆರಿಕದಲ್ಲಿ ಅಂಥ ಮರುಮಾರಾಟವನ್ನು ತಡೆಯುವಂತಿಲ್ಲ. ಪುಸ್ತಕದೊಳಗೆ ಮರುಮಾರಾಟದ ಬೆಲೆ ಅಚ್ಚುಹಾಕಿದ್ದ ಪ್ರಕಾಶಕರ ವಿರುದ್ಧ ಅಲ್ಲಿನ ಸುಪ್ರೀಂ ಕೋರ್ಟ್ 1908ರಲ್ಲೇ ತೀರ್ಪು ಕೊಟ್ಟಿತ್ತು. ಡಿಸ್ಕನ್ನು ಕಟ್ಟಿಹಾಕಲಾಗದೆ ಕಂಪನಿಗಳು ಅದರ ಜೊತೆಗಿನ ಸೇವೆಯನ್ನು ಕಟ್ಟಿಹಾಕಿದವು. ಅಂಗಡಿಯ ಮೇಲಿನ ಸಿಟ್ಟಿಗೆ ಗಿರಾಕಿ ದಂಡ ತೆತ್ತ.

2013ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಈ ಪದ್ಧತಿಯನ್ನು ಕೈಬಿಟ್ಟಿತು, ಯೂಬಿಸಾಫ್ಟ್ ಕೂಡ ಅದೇ ವರ್ಷ ಹಿಂದೆ ಸರಿಯಿತು. ಈಗ ಡೌನ್‌ಲೋಡ್ ಮಾಡಿಕೊಂಡ ಗೇಮನ್ನು ಸಾಮಾನ್ಯವಾಗಿ ಮಾರಲು ಬರುವುದೇ ಇಲ್ಲವಾದ್ದರಿಂದ ಅಂಥ ಶುಲ್ಕದ ಅಗತ್ಯವೂ ಅವರಿಗೆ ಉಳಿದಿಲ್ಲ. ಆ ಕಾಲದ ಡಿಸ್ಕ್ ಕೊಳ್ಳುವ ಯೋಚನೆ ತಮಗಿದ್ದರೆ, ಕೋಡಿನ ಬಗ್ಗೆ ಚೌಕಾಶಿ ಮಾಡುವ ಮೊದಲು ಆ ಗೇಮಿನ ಸರ್ವರ್ ಇನ್ನೂ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಿ. ಹಲವನ್ನು ಎಂದೋ ಮುಚ್ಚಿಯಾಗಿದೆ.