ಗಾಜಿನ ಚೂರುಗಳಲ್ಲಿ ಟಿಕಿ ಮುಖ: ಓದುಗರ ಪ್ರಶ್ನೆಗಳಿಗೆ ಉತ್ತರ

ಪೆಸಿಫಿಕ್ ದ್ವೀಪಗಳ ಟಿಕಿ ಮುಖವನ್ನು ಗಾಜಿನ ಮೊಸಾಯಿಕ್‌ನಲ್ಲಿ ಮನೆಯಲ್ಲೇ ಮಾಡುವುದು ಹೇಗೆಂದು ಈ ತಿಂಗಳು ಹಲವು ಓದುಗರು ಕೇಳಿದ್ದಾರೆ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ವಿದೇಶದಲ್ಲಿರುವ ಮಗಳು ಟಿಕಿ ಮುಖದ ಮೊಸಾಯಿಕ್ ಫಲಕವೊಂದರ ಚಿತ್ರ ಕಳಿಸಿದ್ದಾಳೆ. ಅಂಥದ್ದನ್ನು ಪಡಸಾಲೆಗೆ ಮಾಡಬೇಕೆಂದಿದ್ದೇನೆ. ಅತ್ತೆಯವರು ಮಾತ್ರ, ‘ಅದು ಯಾರ ದೇವರೋ ಏನೋ, ತಿಳಿಯದೆ ಗೋಡೆಗೆ ಹಾಕಬೇಡ’ ಎನ್ನುತ್ತಾರೆ. ಟಿಕಿ ಎಂದರೆ ಏನು?
(ಗೃಹಿಣಿ, ಟಿಳಕವಾಡಿ, ಬೆಳಗಾವಿ)

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ನ್ಯೂಜಿಲೆಂಡಿನ ಮಾವೋರಿ ಜನರ ಹಲವು ಪುರಾಣಕಥೆಗಳಲ್ಲಿ ಟಿಕಿ ಮೊಟ್ಟಮೊದಲ ಮನುಷ್ಯ. ಹಸಿರು ಕಲ್ಲಿನಲ್ಲಿ ಕೆತ್ತಿದ ‘ಹೇ ಟಿಕಿ’ ಎಂಬ ಪದಕ ಅವರಲ್ಲಿ ತಲೆಮಾರುಗಳಿಂದ ಬರುವ ಮನೆತನದ ಸೊತ್ತು. ಮಾರ್ಕೇಸಸ್ ದ್ವೀಪಗಳಲ್ಲಿ ಕಲ್ಲು ಮತ್ತು ಕಟ್ಟಿಗೆಯ ಟಿಕಿಗಳು ದೈವತ್ವಕ್ಕೇರಿದ ಪೂರ್ವಜರ ರೂಪಗಳಾಗಿವೆ. ದೊಡ್ಡ ದುಂಡು ಕಣ್ಣು, ಅಗಲವಾದ ಬಾಯಿ, ಹೊಟ್ಟೆಯ ಮೇಲಿಟ್ಟ ಕೈಗಳು ಅವುಗಳ ಗುರುತು. ಅಲ್ಲಿನ ಹಿವಾ ಓವಾ ದ್ವೀಪದಲ್ಲಿ ಸುಮಾರು ಎರಡೂವರೆ ಮೀಟರ್ ಎತ್ತರದ ಕಲ್ಲಿನ ಟಿಕಿ ಇಂದಿಗೂ ನಿಂತಿದೆ, ಮತ್ತು ಆ ದ್ವೀಪಸಮೂಹ 2024ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ.

ನಿಮ್ಮ ಮಗಳು ಕಳಿಸಿರುವ ಬಗೆಯ ಅಲಂಕಾರ ಬೆಳೆದದ್ದು ಬೇರೆ ಕಡೆ. 1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದಕ್ಷಿಣ ಸಮುದ್ರದ ದ್ವೀಪಗಳ ಕಲ್ಪನೆಯ ಮೇಲೆ ಉಪಾಹಾರಗೃಹಗಳು, ಪಾನಗೃಹಗಳು ಹುಟ್ಟಿಕೊಂಡವು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್‌ಗೆ ಹೋಗಿ ಬಂದ ಸೈನಿಕರ ನೆನಪುಗಳು, 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾದದ್ದು, ಇವೆಲ್ಲ ಆ ಹುಚ್ಚನ್ನು ಹೆಚ್ಚಿಸಿದವು. ಬಿದಿರು, ತಾಳೆಗರಿ, ಬಣ್ಣದ ದೀಪಗಳ ನಡುವೆ ಟಿಕಿ ಮುಖವೂ ಒಂದು ಅಲಂಕಾರದ ವಸ್ತುವಾಗಿಬಿಟ್ಟಿತು. ಈಸ್ಟರ್ ದ್ವೀಪದ ನೀಳಮುಖದ ‘ಮೋಆಯಿ’ ಶಿಲೆಗಳನ್ನೂ ಈ ಅಲಂಕಾರದಲ್ಲಿ ಟಿಕಿ ಎಂದೇ ಮಾರುತ್ತಾರೆ, ಆದರೆ ಅವು ಬೇರೊಂದು ದ್ವೀಪದ ಬೇರೆಯೇ ಪರಂಪರೆ.

ಆದ್ದರಿಂದ ಮಾಡಬಾರದೆಂದು ನಾನು ಹೇಳುವುದಿಲ್ಲ; ಇನ್ನೊಬ್ಬರ ಹಿರಿಯರ ಮುಖವೆಂಬ ಅರಿವಿನಿಂದ ಮಾಡಿರಿ ಎಂದು ಹೇಳುತ್ತೇನೆ. ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲೆ ತೂಗುಹಾಕಿರಿ, ಕಾಲಿಡುವ ನೆಲಕ್ಕೂ ಬಚ್ಚಲಿಗೂ ಬೇಡ. ಸಂಗ್ರಹಾಲಯದಲ್ಲಿರುವ ಯಾವುದೋ ಮನೆತನದ ಪದಕವನ್ನಾಗಲಿ, ಅವರ ಹಚ್ಚೆಯ ರೇಖೆಗಳನ್ನಾಗಲಿ ಹಾಗೆಯೇ ನಕಲು ಮಾಡದೆ, ಕಣ್ಣು, ಮೂಗು, ಬಾಯಿಗಳ ದೊಡ್ಡ ಆಕಾರಗಳನ್ನಷ್ಟೇ ತೆಗೆದುಕೊಂಡು ನಿಮ್ಮದೇ ಚಿತ್ರ ಬರೆದುಕೊಳ್ಳಿರಿ. ಅತ್ತೆಯವರು ಇಷ್ಟಕ್ಕೂ ಒಪ್ಪದಿದ್ದರೆ, ಪಟ್ಟದಕಲ್ಲು, ಐಹೊಳೆಗಳ ಗುಡಿಗಳ ಮೇಲಿನ ಕೀರ್ತಿಮುಖವನ್ನು ಇದೇ ವಿಧಾನದಲ್ಲಿ ಮಾಡಬಹುದು. ಉಬ್ಬಿದ ಕಣ್ಣು, ತೆರೆದ ಬಾಯಿ, ಎದ್ದು ಕಾಣುವ ಹಲ್ಲುಗಳಿರುವ ಆ ಮುಖ ಗಾಜಿನ ಚೂರುಗಳಿಗೆ ಟಿಕಿಯಷ್ಟೇ ಚೆನ್ನಾಗಿ ಒಗ್ಗುತ್ತದೆ.

ಪ್ರಶ್ನೆ: ಇದಕ್ಕೆ ಯಾವ ಗಾಜು ಬೇಕು? ಒಡೆದ ಬಳೆ, ಬಾಟಲಿ, ಕನ್ನಡಿ ಚೂರುಗಳು ನಡೆಯುತ್ತವೆಯೇ? ಕತ್ತರಿಸುವಾಗ ಕೈಗೆ ಪೆಟ್ಟಾಗದಂತೆ ಏನು ಮಾಡಬೇಕು?
(ಕಾಲೇಜು ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ)

ಉತ್ತರ: ಮೊದಲ ಕೆಲಸಕ್ಕೆ ಟೈಲ್ಸ್ ಅಂಗಡಿಯಲ್ಲಿ ಸಿಗುವ ಗಾಜಿನ ಮೊಸಾಯಿಕ್ ಬಿಲ್ಲೆಗಳೇ ಉತ್ತಮ. ಸಾಮಾನ್ಯವಾಗಿ ಒಂದೊಂದು ಬಿಲ್ಲೆ 20 ಮಿಲಿಮೀಟರ್ ಚೌಕ, 4 ಮಿಲಿಮೀಟರ್ ದಪ್ಪವಿದ್ದು, ಹಾಳೆ ಅಥವಾ ಜಾಲಿಗೆ ಅಂಟಿಸಿದ 225 ಬಿಲ್ಲೆಗಳ ಒಂದು ಶೀಟ್ ಒಂದು ಚದರಡಿಗಿಂತ ಸ್ವಲ್ಪ ಹೆಚ್ಚು ಜಾಗವನ್ನು ಮುಚ್ಚುತ್ತದೆ. ಮನೆ ಕಟ್ಟಿಸುವವರು ಉಳಿಸಿದ ಅರೆಬರೆ ಶೀಟುಗಳು ಅಂಗಡಿಯವರ ಬಳಿ ಇರುತ್ತವೆ, ಕೇಳಿ ನೋಡಿರಿ. ಮುಂಭಾಗಕ್ಕೆ ಕಾಗದ ಅಂಟಿಸಿದ್ದರೆ ಬೆಚ್ಚಗಿನ ನೀರಿನಲ್ಲಿ ನೆನೆಸಿದಾಗ ಬಿಲ್ಲೆಗಳು ತಾವಾಗಿಯೇ ಬಿಡುತ್ತವೆ. ದಪ್ಪ ಒಂದೇ ಇರುವುದರಿಂದ ಮೇಲ್ಮೈ ಸಮನಾಗಿ ಬರುತ್ತದೆ. ಹೊಸಬರಿಗೆ ಇದು ಬಹಳ ದೊಡ್ಡ ಅನುಕೂಲ.

ಬಳೆ ಚೂರುಗಳ ಬಗ್ಗೆ ನನಗೆ ವಿಶೇಷ ಪ್ರೀತಿ ಇದೆ, ಏಕೆಂದರೆ ಅವುಗಳ ಬಾಗು ಹುಬ್ಬಿಗೆ, ಕಣ್ಣಿನ ಸುತ್ತಿಗೆ, ತುಟಿಯ ಅಂಚಿಗೆ ಕತ್ತರಿಸದೆಯೇ ಹೊಂದಿಕೊಳ್ಳುತ್ತದೆ. ಕೆಲವು ಬಳೆಗಳಿಗೆ ಬಣ್ಣ ಮೇಲಿನ ಲೇಪ ಮಾತ್ರ, ಆದ್ದರಿಂದ ಒಂದು ರಾತ್ರಿ ಸಾಬೂನಿನ ನೀರಿನಲ್ಲಿಟ್ಟು ಮರುದಿನ ಒರಟು ಬಟ್ಟೆಯಿಂದ ಉಜ್ಜಿರಿ. ಬಣ್ಣ ಬಿಟ್ಟವನ್ನು ತೆಗೆದುಹಾಕಿರಿ. ಬಾಟಲಿಯ ಗಾಜು ಉಬ್ಬುತಗ್ಗಾಗಿರುತ್ತದೆ, ಅಂಚು ಹರಿತ, ದಪ್ಪವೂ ಒಂದೇ ಇರುವುದಿಲ್ಲ. ಕಂದು ಬಾಟಲಿಯ ಸಣ್ಣ ಚೂರುಗಳನ್ನು ಕಟ್ಟಿಗೆಯ ಬಣ್ಣಕ್ಕೆಂದು ಮಿತವಾಗಿ ಬಳಸಬಹುದು. ಕನ್ನಡಿ ಚೂರನ್ನು ಕಣ್ಣಿನ ಗೊಂಬೆಗೆ ಇಟ್ಟರೆ ಮುಖಕ್ಕೆ ಜೀವ ಬರುತ್ತದೆ, ಆದರೆ ಹುಳಿ ವಾಸನೆ ಬರುವ ಸಿಲಿಕೋನ್‌ನಿಂದ ಅಂಟಿಸಿದರೆ ಹಿಂದಿನ ಬೆಳ್ಳಿಯ ಲೇಪ ಕಪ್ಪಾಗುತ್ತದೆ. ‘ನ್ಯೂಟ್ರಲ್’ ಎಂದು ಬರೆದ ಸಿಲಿಕೋನ್ ಕೇಳಿ ಪಡೆಯಿರಿ. ಕಾರಿನ ಕಿಟಕಿಯ ಗಾಜನ್ನು ಕತ್ತರಿಸಲು ಹೋಗಲೇಬೇಡಿ. ಅದು ಹದ ಕೊಟ್ಟ ಗಾಜು; ಗೆರೆ ಎಳೆದ ಕಡೆ ಮುರಿಯದೆ ಇಡಿಯಾಗಿ ಪುಡಿಯಾಗುತ್ತದೆ.

ಬಿಲ್ಲೆಗಳನ್ನು ಕತ್ತರಿಸಲು ಎರಡು ಗಟ್ಟಿ ಚಕ್ರಗಳಿರುವ ಮೊಸಾಯಿಕ್ ಇಕ್ಕಳವೊಂದನ್ನು ತರಿಸಿಕೊಳ್ಳಿರಿ. ಗವಂಡಿಗಳ ಟೈಲ್ಸ್ ಇಕ್ಕಳ ಗಾಜನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಜಜ್ಜುತ್ತದೆ. ಹಾಳೆ ಗಾಜಾದರೆ ಕಟರ್‌ನಿಂದ ಒಂದೇ ಸಲ, ಒಂದೇ ಒತ್ತಡದಲ್ಲಿ ಗೆರೆ ಎಳೆಯಬೇಕು. ಎಳೆದ ಗೆರೆಯ ಮೇಲೆ ಮತ್ತೆ ಎಳೆದರೆ ಗಾಜು ಅಡ್ಡಾದಿಡ್ಡಿ ಒಡೆಯುತ್ತದೆ, ಕಟರ್ ಕೂಡ ಹಾಳಾಗುತ್ತದೆ. ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ ಕಡ್ಡಾಯ. ಇಕ್ಕಳ ಮತ್ತು ಬಿಲ್ಲೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು ಕತ್ತರಿಸಿದರೆ ಸಿಡಿಯುವ ಚೂರು ಅಲ್ಲಿಯೇ ಉಳಿಯುತ್ತದೆ. ಕೆಲಸದ ಜಾಗವನ್ನು ಕಸಬರಿಗೆಯಿಂದ ಗುಡಿಸಿ ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮತ್ತೆ ಬಳಸದೆ ಎಸೆಯಿರಿ.

ಪ್ರಶ್ನೆ: ಹತ್ತು ವರ್ಷದ ಮಗನಿಗೂ ಈ ಕೆಲಸ ಹೇಳಿಕೊಡಬಹುದೇ?
(ಶಿಕ್ಷಕಿ, ಜಮಖಂಡಿ)

ಉತ್ತರ: ಕತ್ತರಿಸುವುದು ಬೇಡ. ಹಿರಿಯರು ಕತ್ತರಿಸಿ, ಅಂಚನ್ನು ನುಣುಪುಕಲ್ಲಿಗೆ ಒದ್ದೆ ಮಾಡಿ ಉಜ್ಜಿ ಕೊಟ್ಟ ಚೂರುಗಳನ್ನು ಬಣ್ಣವಾರು ವಿಂಗಡಿಸುವುದು, ಹಿನ್ನೆಲೆಯ ಇಡೀ ಬಿಲ್ಲೆಗಳನ್ನು ಅಂಟಿಸುವುದು ಹುಡುಗನ ಕೆಲಸವಾಗಲಿ.

ಪ್ರಶ್ನೆ: ಹೋದ ವರ್ಷ ಪ್ಲೈವುಡ್ ಮೇಲೆ ಬಿಳಿ ಗೋಂದಿನಿಂದ ಅಂಟಿಸಿ ಅಂಗಳದ ಗೋಡೆಗೆ ಹಾಕಿದ ಫಲಕ ಮಳೆಗಾಲ ಮುಗಿಯುವಷ್ಟರಲ್ಲಿ ಸೊಟ್ಟಗಾಗಿ ಚೂರುಗಳು ಉದುರಿದವು. ಈಗ ಟಿಕಿ ಫಲಕವನ್ನು ಅದೇ ಜಾಗಕ್ಕೆ ಮಾಡಬೇಕು. ಏನು ಬದಲಿಸಲಿ?
(ನಿವೃತ್ತ ನೌಕರರು, ವಿಜಯಪುರ)

ಉತ್ತರ: ಹಲಗೆ ಮತ್ತು ಅಂಟು ಎರಡನ್ನೂ ಬದಲಿಸಿರಿ. ಕಟ್ಟಿಗೆ ಅಂಟಿಸುವ ಬಿಳಿ ಗೋಂದು ಮನೆಯೊಳಗಿನ ಒಣ ಗೋಡೆಗೆ ಸಾಕು. ನೀರು ತಗುಲಿದರೆ ಮೆತ್ತಗಾಗುತ್ತದೆ. ಪ್ಲೈವುಡ್ ನೀರು ಹೀರಿ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಆದರೆ ಗಾಜು ಅದರೊಂದಿಗೆ ಹಿಗ್ಗಿ ಕುಗ್ಗುವುದಿಲ್ಲ; ಬೇರ್ಪಡಲು ಅದೇ ಕಾರಣ. ಹೊರಗಿನ ಫಲಕಕ್ಕೆ ಸಿಮೆಂಟ್ ಬೋರ್ಡ್ ಸರಿಯಾದ ಆಧಾರ. ಗೋಡೆಗೇ ನೇರವಾಗಿ ಮಾಡುವುದಾದರೆ ಗಿಲಾವು ಗಟ್ಟಿಯಾಗಿದೆಯೇ ಎಂದು ತಟ್ಟಿ ನೋಡಿ, ಸುಣ್ಣ ಅಥವಾ ಬಣ್ಣದ ಪದರವನ್ನು ಕೆರೆದು ತೆಗೆದ ಮೇಲೆ ಮಾಡಿರಿ. ಅಂಟಿಗೆ ಪಾಲಿಮರ್ ಬೆರೆಸಿದ ಬಿಳಿ ಟೈಲ್ ಅಡ್ಹೆಸಿವ್ ಬಳಸಿರಿ. ಬೂದು ಬಣ್ಣದ್ದು ಪಾರದರ್ಶಕ ಗಾಜಿನ ಹಿಂದೆ ಕಂಡು ಬಣ್ಣವನ್ನು ಮಂಕಾಗಿಸುತ್ತದೆ.

ನಿಮ್ಮ ಊರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಈ ಕೆಲಸ ಮಾಡಬಾರದು. ಅಡ್ಹೆಸಿವ್ ಮೇಲೆ ಕೆನೆಗಟ್ಟಿದಂತಾದರೆ ಅದರ ಮೇಲೆ ಒತ್ತಿದ ಚೂರು ಹಿಡಿದಂತೆ ಕಂಡರೂ ಹಿಡಿದಿರುವುದಿಲ್ಲ. ಬಿಸಿಲಿಳಿದ ಮೇಲೆ, ಅಂಗೈ ಅಗಲದಷ್ಟು ಜಾಗಕ್ಕೆ ಮಾತ್ರ ಹಚ್ಚಿ, ಅದನ್ನು ಮುಗಿಸಿ ಮುಂದಿನದಕ್ಕೆ ಹೋಗಿರಿ. ಒಳಗೋಡೆಗೆ ಪ್ಲೈವುಡ್ಡನ್ನೇ ಬಳಸುವವರು 12 ಮಿಲಿಮೀಟರ್‌ಗಿಂತ ತೆಳುವಾದದ್ದನ್ನು ತರಬಾರದು, ಮತ್ತು ಹಿಂದು, ಮುಂದು, ನಾಲ್ಕೂ ಅಂಚುಗಳಿಗೆ ಪ್ರೈಮರ್ ಹಚ್ಚಬೇಕು; ಒಂದೇ ಮಗ್ಗುಲಿಗೆ ಹಚ್ಚಿದರೆ ಹಲಗೆ ಬಾಗುತ್ತದೆ. 4 ಮಿಲಿಮೀಟರ್ ಗಾಜೊಂದೇ ಚದರಡಿಗೆ ಸುಮಾರು ಒಂದು ಕಿಲೋ ತೂಗುವುದರಿಂದ, ಹಲಗೆಯ ಭಾರವನ್ನೂ ಸೇರಿಸಿಕೊಂಡು ಗಟ್ಟಿ ಸ್ಕ್ರೂಗಳನ್ನು ಹಾಕಿಸಿರಿ.

ಪ್ರಶ್ನೆ: ನಾನು ಮಾಡಿದ ಮುಖ ಹತ್ತಿರದಿಂದ ಚೆನ್ನಾಗಿದೆ, ದೂರದಿಂದ ಬಣ್ಣದ ಚೂರುಗಳ ರಾಶಿಯಂತೆ ಕಾಣುತ್ತದೆ. ಕಸೂತಿ ಹಾಕಿ ರೂಢಿಯಿದ್ದರೂ ಇದು ಕೈಗೆ ಹತ್ತುತ್ತಿಲ್ಲ.
(ಓದುಗರು, ಇಳಕಲ್ಲ)

ಉತ್ತರ: ಇದು ಈ ತಿಂಗಳ ಅತ್ಯಂತ ಒಳ್ಳೆಯ ಪ್ರಶ್ನೆ. ಕಸೂತಿಯಲ್ಲಿ ಎಳೆ ಎಣಿಸಿ ಹಾಕುವ ಹೊಲಿಗೆಗೆ ಬಟ್ಟೆಯೇ ದಾರಿ ತೋರುವಂತೆ, ಮೊಸಾಯಿಕ್‌ನಲ್ಲಿ ಚೂರುಗಳ ಸಾಲುಗಳೇ ಕಣ್ಣಿಗೆ ದಾರಿ ತೋರಬೇಕು. ಚೂರುಗಳನ್ನು ಸಿಕ್ಕಸಿಕ್ಕ ದಿಕ್ಕಿಗೆ ತುಂಬಿದರೆ ಎಷ್ಟೇ ಒಳ್ಳೆಯ ಬಣ್ಣವಿದ್ದರೂ ಆಕಾರ ಕರಗಿಹೋಗುತ್ತದೆ. ಟಿಕಿಯ ಮುಖ ಮೂಲತಃ ಉಳಿಯಿಂದ ಕೆತ್ತಿದ ಕಟ್ಟಿಗೆ ಅಥವಾ ಕಲ್ಲು; ಉಳಿ ಯಾವ ದಿಕ್ಕಿನಲ್ಲಿ ಓಡುತ್ತಿತ್ತೋ ಆ ದಿಕ್ಕಿನಲ್ಲಿ ಸಾಲುಗಳು ಓಡಲಿ. ಕಣ್ಣಿನಿಂದ ಆರಂಭಿಸಿ ಸುತ್ತುಸುತ್ತಾಗಿ ಹೊರಗೆ ಬನ್ನಿರಿ, ಮೂಗಿನ ಮೇಲೆ ಉದ್ದಕ್ಕೆ, ಕೆನ್ನೆಯ ಮೇಲೆ ಬಾಗಿ, ಗದ್ದದ ಕೆಳಗೆ ಅಡ್ಡಕ್ಕೆ ಜೋಡಿಸಿರಿ. ಮುಖ ಮುಗಿದ ಮೇಲೆ ಹಿನ್ನೆಲೆಯ ಬಣ್ಣದ ಒಂದು ಸಾಲನ್ನು ಮುಖದ ಅಂಚಿನ ಸುತ್ತಲೂ ಓಡಿಸಿ, ಆಮೇಲೆ ಉಳಿದ ಹಿನ್ನೆಲೆಯನ್ನು ನೇರ ಸಾಲುಗಳಲ್ಲಿ ತುಂಬಿರಿ. ಪ್ರಾಚೀನ ರೋಮಿನ ಕುಶಲಿಗಳೂ ಆಕೃತಿಯ ಸುತ್ತ ಹೀಗೆ ಸಾಲು ಕಟ್ಟುತ್ತಿದ್ದರು, ಅದರಿಂದಲೇ ಅವರ ಆಕೃತಿಗಳು ನೆಲದಿಂದ ಎದ್ದು ಬಂದಂತೆ ಕಾಣುತ್ತವೆ.

ಎರಡನೆಯದು ಬೆಳಕು. ಬೆಳಕು ಎಡಗಡೆಯಿಂದ ಬೀಳುತ್ತಿದೆ ಎಂದು ಮೊದಲೇ ನಿರ್ಧರಿಸಿಕೊಂಡು, ಒಂದೇ ಬಣ್ಣದ ತಿಳಿ, ನಡು, ಗಾಢ ಎಂಬ ಮೂರು ಛಾಯೆಗಳಲ್ಲಿಯೇ ಇಡೀ ಮುಖವನ್ನು ಕಟ್ಟಿರಿ: ಹುಬ್ಬಿನ ಮೇಲಂಚು ಮತ್ತು ಮೂಗಿನ ಏಣಿಗೆ ತಿಳಿಯದು, ಕಣ್ಣಿನ ಗುಳಿ ಮತ್ತು ತುಟಿಯ ಕೆಳಗೆ ಗಾಢವಾದದ್ದು. ಅಂಟಿಸುವ ಮೊದಲು ಒಣದಾಗಿ ಜೋಡಿಸಿ, ಮೊಬೈಲಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದು ನೋಡಿರಿ. ಆ ಚಿತ್ರದಲ್ಲಿ ಮುಖ ಕಾಣದಿದ್ದರೆ ಬಣ್ಣದಲ್ಲಿಯೂ ಕಾಣುವುದಿಲ್ಲ.

ಅಂಚುಪಟ್ಟಿಗೆ ನೀವು ಹೊರಗೆ ಹುಡುಕಬೇಕಾಗಿಲ್ಲ. ಇಳಕಲ್ ಸೀರೆಯ ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿಯಾಗಿ ಬರುವ ಹಣಿಗೆ, ಕೋಟೆಯ ತೆನೆಗಳಂಥ ವಿನ್ಯಾಸಗಳು ಚೌಕ, ತ್ರಿಕೋನಗಳಿಂದಲೇ ಆದವು. ಬಿಲ್ಲೆಯನ್ನು ಕರ್ಣದಲ್ಲಿ ಒಮ್ಮೆ ಕತ್ತರಿಸಿದರೆ ಬೇಕಾದ ತ್ರಿಕೋನ ಸಿದ್ಧ. ದೂರದ ದ್ವೀಪದ ಮುಖಕ್ಕೆ ನಿಮ್ಮ ಊರಿನ ಅಂಚು ಕಟ್ಟಿದ ಫಲಕವನ್ನು ನೋಡಲು ನನಗಂತೂ ಬಹಳ ಆಸೆಯಿದೆ. ಮುಗಿದ ಮೇಲೆ ಚಿತ್ರ ಕಳಿಸಿರಿ.

ಪ್ರಶ್ನೆ: ಸಂದು ತುಂಬಲು ಯಾವ ಬಣ್ಣದ ಗ್ರೌಟ್ ಒಳ್ಳೆಯದು? ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಪೊರೆ ಉಳಿಯುತ್ತದೆ.
(ಓದುಗರು, ಗೋಕಾಕ)

ಉತ್ತರ: ಟಿಕಿಗೆ ಗಾಢ ಬೂದು ಅಥವಾ ಕಪ್ಪು. ಬಿಳಿ ಗ್ರೌಟ್ ಸಂದುಗಳನ್ನೇ ಎತ್ತಿ ತೋರಿಸಿ ಗಾಜಿನ ಬಣ್ಣವನ್ನು ತಿಂದುಬಿಡುತ್ತದೆ. ಸಂದು 3 ಮಿಲಿಮೀಟರ್‌ಗಿಂತ ಕಿರಿದಾಗಿದ್ದರೆ ಮರಳು ಬೆರೆಸದ ಗ್ರೌಟ್ ತನ್ನಿರಿ, ಮರಳಿದ್ದರೆ ಗಾಜಿಗೆ ಗೀರು ಬೀಳುತ್ತದೆ. ಅಂಟಿಸಿ ಒಂದು ದಿನವಾದರೂ ಕಳೆದ ಮೇಲೆ, ಕೈಗವಸು ಮತ್ತು ಮಾಸ್ಕ್ ಧರಿಸಿ, ಸಂದುಗಳ ಆಳಕ್ಕೆ ಒತ್ತಿ ತುಂಬಿರಿ; ಸಿಮೆಂಟಿನ ಕ್ಷಾರ ಬರಿಗೈಯ ಚರ್ಮವನ್ನು ಸುಡುತ್ತದೆ. ಹದಿನೈದು, ಇಪ್ಪತ್ತು ನಿಮಿಷಗಳ ನಂತರ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಿ, ಪೊರೆ ಕಟ್ಟುತ್ತಿದ್ದಂತೆಯೇ ಒಣ ಹತ್ತಿಬಟ್ಟೆಯಿಂದ ತಿಕ್ಕಿರಿ. ಮರುದಿನಕ್ಕೆ ಬಿಟ್ಟರೆ ಅದು ಗಟ್ಟಿಯಾಗುತ್ತದೆ. ತೊಳೆದ ನೀರನ್ನು ಬಚ್ಚಲಿಗೆ ಸುರಿಯಬೇಡಿ, ಗ್ರೌಟ್ ಕೊಳವೆಯೊಳಗೆ ಕುಳಿತು ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ತಳದ ಗಸಿಯನ್ನು ಒಣಗಿಸಿ ಕಸಕ್ಕೆ ಹಾಕಿರಿ.