ಸಂಪಾದಕರ ಉತ್ತರ: ಚಿನ್ನದ ಅರಮನೆ, ಔಷಧದ ಬಟ್ಟಲು

(ಕಳೆದ ಸಂಚಿಕೆಯ ವಿದೇಶಿ ಚಿತ್ರಗಳ ಪಟ್ಟಿಯಲ್ಲಿ ಚೀನಾದ ‘ಕರ್ಸ್ ಆಫ್ ದ ಗೋಲ್ಡನ್ ಫ್ಲವರ್’ ಇತ್ತು. ಅದನ್ನು ನೋಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮುಖ್ಯ ಭಾಗ ಇಷ್ಟು: “ಸೊಸೆಯ ಜೊತೆ ಕೂತು ನೋಡಿದೆ. ಕಣ್ಣು ತುಂಬಿತು, ಮನಸ್ಸು ತುಂಬಲಿಲ್ಲ. ಗೋಡೆ, ಕಂಬ, ಬಟ್ಟೆ, ಕಿರೀಟ, ಎಲ್ಲಾ ಚಿನ್ನ. ಒಡವೆ ಅಂಗಡಿ ಜಾಹೀರಾತು ನೋಡಿದ ಹಾಗಾಯಿತು. ಹೆಂಗಸರ ಉಡುಪು ನೋಡಿ ಮುಜುಗರವಾಯಿತು. ಗಂಡನ ಮೊದಲ ಹೆಂಡತಿಯ ಮಗನ ಜೊತೆ ಸಂಬಂಧ ಇಟ್ಟುಕೊಂಡ ರಾಣಿಗಾಗಿ ನಾವು ಯಾಕೆ ಮರುಗಬೇಕು? ಇಂಥದ್ದೆಲ್ಲ ನಿಜವಾಗಿ ನಡೆದಿತ್ತಾ? ಚಿತ್ರ ಮುಗಿದಾಗ ಸೊಸೆ ಅಳುತ್ತಿದ್ದಳು. ಯಾಕೆ ಅಂತ ಕೇಳಿದರೆ ಎದ್ದು ಒಳಗೆ ಹೋದಳು.”)

ನಮಸ್ಕಾರ ಮೇಡಂ,

ಮೊದಲು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಈ ಚಿತ್ರ ಮಕ್ಕಳಿಗಲ್ಲ ಎಂದು ಪಟ್ಟಿಯಲ್ಲಿ ಒಂದು ಸಾಲು ಹಾಕಬೇಕಿತ್ತು. ಮೊಮ್ಮಗನನ್ನು ಅರ್ಧದಲ್ಲೇ ಎಬ್ಬಿಸಿ ಮಲಗಲು ಕಳಿಸಬೇಕಾಯಿತು ಎಂದು ಬರೆದಿದ್ದೀರಿ. ಕ್ಷಮಿಸಿ. ಆ ಸಾಲು ಬಿಟ್ಟವನು ನಾನೇ.

ಆದರೆ ಚಿತ್ರವನ್ನು ಪಟ್ಟಿಗೆ ಸೇರಿಸಿದ್ದು ಸರಿ ಎಂದೇ ಈಗಲೂ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳಬೇಕಾದರೆ ಚಿನ್ನವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು. ನಾಲ್ಕು ಪುಟದಲ್ಲಿ ನೀವು ಎಲ್ಲದರ ಬಗ್ಗೆಯೂ ಬರೆದಿದ್ದೀರಿ, ಔಷಧದ ಬಟ್ಟಲಿನ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ನನಗೆ ಇಡೀ ಚಿತ್ರ ಆ ಬಟ್ಟಲಿನಲ್ಲೇ ಇದೆ.

ನೆನಪು ಮಾಡಿಕೊಳ್ಳಿ. ಹಳೆಯ ಚೀನಾದಲ್ಲಿ ದಿನಕ್ಕೆ 12 ಹೊತ್ತು, ನಮ್ಮ ಲೆಕ್ಕದಲ್ಲಿ ಒಂದೊಂದು 2 ಗಂಟೆ. ಅರಮನೆಯಲ್ಲಿ ಹೊತ್ತು ಸಾರುತ್ತಾರೆ. ಹಿಂದೆಯೇ ರಾಣಿಯ ಮುಂದೆ ಬಟ್ಟಲು ಬರುತ್ತದೆ. ಅದನ್ನು ತರುವವಳು ರಾಜವೈದ್ಯನ ಮಗಳು, ಇನ್ನೂ ಎಳೆಯ ಹುಡುಗಿ. ರಾಣಿಗೆ ರಕ್ತಹೀನತೆ, ಅದಕ್ಕೆ ಈ ಔಷಧ ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಈಗ ಪರ್ಷಿಯಾದಿಂದ ಬಂದ ವಿಷವೂ ಸೇರಿದೆ. ಬುದ್ಧಿಯನ್ನೇ ತಿಂದುಹಾಕುವ ವಿಷ. ಸೇರಿಸಲು ಹೇಳಿದವನು ಗಂಡ. ಇದು ಅವಳಿಗೆ ಬೇಗನೆ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಕುಡಿಯುತ್ತಾಳೆ. ಬೇಡ ಎನ್ನುವ ದಾರಿಯೇ ಆ ಮನೆಯಲ್ಲಿಲ್ಲ. ಒಂದು ಗುಟುಕು ಬಿಟ್ಟರೂ ಗಂಡ ಮಕ್ಕಳ ಮುಂದೆಯೇ ಪೂರ್ತಿ ಮುಗಿಸು ಎನ್ನುತ್ತಾನೆ. ದನಿ ಏರಿಸುವುದಿಲ್ಲ. ಸುತ್ತ ನೂರು ಜನ ತಲೆ ಬಗ್ಗಿಸಿ ನಿಂತಿರುತ್ತಾರೆ.

ಗಾಂಗ್ ಲೀ ಈ ಪಾತ್ರವನ್ನು ಹೇಗೆ ಮಾಡಿದ್ದಾರೆ ನೋಡಿ. ಹಣೆಯ ಮೇಲೆ ಬೆವರು. ಕೈ ನಡುಗುತ್ತದೆ. ಆ ನಡುಗುವ ಕೈಯಲ್ಲೇ ಸೂಜಿ ಹಿಡಿದು ಸೇವಂತಿಗೆಯ ಕಸೂತಿ ಹಾಕುತ್ತಾಳೆ, ಒಂದಾದ ಮೇಲೆ ಒಂದು. ಮಗ ಕೇಳಿದರೂ ನಿಲ್ಲಿಸುವುದಿಲ್ಲ. ಹತ್ತು ಸಾವಿರ ಸೈನಿಕರು ಕುತ್ತಿಗೆಗೆ ಕಟ್ಟಿಕೊಂಡು ಚಕ್ರವರ್ತಿಯಾದ ಗಂಡನ ವಿರುದ್ಧ ದಂಗೆ ಏಳಬೇಕಾದ ವಸ್ತ್ರಗಳು ಅವು. ಈ ಪಾತ್ರಕ್ಕೆ ಅವರಿಗೆ ಹಾಂಗ್‌ಕಾಂಗ್‌ನ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟಿ ಗೌರವ ಸಿಕ್ಕಿತು. ಬರೀ ಕಣ್ಣು ಮತ್ತು ಬೆರಳಿನಿಂದ ಅಷ್ಟು ಹೇಳುವ ನಟಿಯರನ್ನು ನಾನು ಜಾಸ್ತಿ ನೋಡಿಲ್ಲ.

ನನ್ನ ಮನೆಯದೊಂದು ಮಾತು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎನ್ನುವುದು ನಿಮಗೆ ತಿಳಿಯುವುದಿಲ್ಲ. ನನ್ನ ದೊಡ್ಡಮ್ಮನಿಗೆ ‘ನರದ ಕಾಯಿಲೆ’ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ರಾತ್ರಿ ಊಟವಾದ ಮೇಲೆ ದೊಡ್ಡಪ್ಪನ ಎದುರಿಗೇ ಮಾತ್ರೆ ನುಂಗಬೇಕಿತ್ತು. ನುಂಗಿ ಬಾಯಿ ತೆರೆದು ತೋರಿಸಬೇಕಿತ್ತು. ನೀರಿನ ಲೋಟ ತಂದುಕೊಡುತ್ತಿದ್ದವನು ನಾನು. ಆಗ ನನಗೆ ಒಂಬತ್ತು ವರ್ಷ. ದೊಡ್ಡಪ್ಪ ತೀರಿಕೊಂಡ ಮೇಲೆ ಆಕೆ ಮಾತ್ರೆ ಬಿಟ್ಟರು. ಆಮೇಲೆ ಹದಿನೆಂಟು ವರ್ಷ ಆರಾಮಾಗಿ ಬದುಕಿದರು. ಹಾಡು ಹೇಳುತ್ತಿದ್ದರು, ಜಗಳ ಆಡುತ್ತಿದ್ದರು, ಹೂವಿನ ಗಿಡ ನೆಡುತ್ತಿದ್ದರು. ಚಿತ್ರದಲ್ಲಿ ಆ ಹುಡುಗಿ ಬಟ್ಟಲು ಹಿಡಿದು ನಡೆದು ಬಂದಾಗಲೆಲ್ಲ ನನಗೆ ನನ್ನ ಕೈಯಲ್ಲಿದ್ದ ಲೋಟ ಕಾಣುತ್ತದೆ.

ಇದು ಅರಮನೆಯ ಕಥೆಯಾಗಿ ಹುಟ್ಟಿದ್ದೇ ಅಲ್ಲ, ಮೇಡಂ. ಮೂಲ ತ್ಸಾವ್ ಯೂ ಎಂಬ ಲೇಖಕರ ‘ಗುಡುಗು ಮಳೆ’ ಎಂಬ ನಾಟಕ. 1934ರಲ್ಲಿ ಅಚ್ಚಾಯಿತು. ಅವರಿಗೆ ಆಗ 25 ವರ್ಷವೂ ಆಗಿರಲಿಲ್ಲ. ಅದರಲ್ಲಿ ಚಕ್ರವರ್ತಿ ಇಲ್ಲ, ಕಲ್ಲಿದ್ದಲು ಗಣಿಯ ಯಜಮಾನ ಇದ್ದಾನೆ. ಅವನ ಹೆಂಡತಿ, ಅವಳನ್ನು ಪ್ರೀತಿಸಿ ಆಮೇಲೆ ಹೆದರಿ ದೂರ ಸರಿಯುವ ಮಲಮಗ, ಆ ಮಲಮಗನಿಗೆ ಈಗ ಇಷ್ಟವಾಗಿರುವ ಕೆಲಸದ ಹುಡುಗಿ. ಆ ಹುಡುಗಿ ಅವನಿಗೆ ತಂಗಿಯೇ ಆಗಬೇಕು ಎನ್ನುವ ಸತ್ಯ ಮಳೆಯ ರಾತ್ರಿ ಹೊರಗೆ ಬರುತ್ತದೆ. ಔಷಧ ಅಲ್ಲಿಯೂ ಇದೆ. ಹೆಂಡತಿಗೆ ಕಾಯಿಲೆ ಎಂದು ಯಜಮಾನನೇ ತೀರ್ಮಾನ ಮಾಡಿರುತ್ತಾನೆ. ಅವಳು ಕುಡಿಯಲು ಒಪ್ಪದಿದ್ದಾಗ ಮಂಡಿಯೂರಿ ಬೇಡಿಕೋ ಎಂದು ದೊಡ್ಡ ಮಗನಿಗೆ ಹೇಳುತ್ತಾನೆ. ಅದನ್ನು ತಡೆಯಲಾರದೆ ಅವಳು ಕುಡಿದುಬಿಡುತ್ತಾಳೆ. ನಾಟಕದಲ್ಲಿ ಅದು ಬರೀ ಔಷಧ. ಅದನ್ನು ವಿಷ ಮಾಡಿದ್ದು ನಿರ್ದೇಶಕ ಝಾಂಗ್ ಯಿಮೋ.

ಹಾಗಾದರೆ ಒಂದು ಮನೆಯ ಕಥೆಯನ್ನು ಅರಮನೆಗೆ ಯಾಕೆ ಒಯ್ದರು? ಇಲ್ಲಿ ನಿಮ್ಮ ಚಿನ್ನದ ಪ್ರಶ್ನೆ ಬರುತ್ತದೆ. ಚೀನೀ ಭಾಷೆಯಲ್ಲಿ ಒಂದು ಮಾತಿದೆ: ಹೊರಗೆ ಚಿನ್ನ ಮತ್ತು ಪಚ್ಚೆ, ಒಳಗೆ ಕೊಳೆತ ಹತ್ತಿ. 14ನೇ ಶತಮಾನದ ಲಿಯು ಜೀ ಬರೆದ ಕಿತ್ತಳೆ ಮಾರುವವನ ಕಥೆಯಿಂದ ಬಂದದ್ದು. ವ್ಯಾಪಾರಿಯ ಕಿತ್ತಳೆ ಹೊರಗೆ ಫಳಫಳ ಹೊಳೆಯುತ್ತದೆ, ಸುಲಿದರೆ ಒಳಗೆ ಹಳೆ ಹತ್ತಿಯ ಹಾಗೆ ಒಣಗಿರುತ್ತದೆ. ಮೋಸ ಅಂತ ಬೈದರೆ, ದೊಡ್ಡ ಪದವಿಯಲ್ಲಿ ಕೂತವರೂ ಹೀಗೇ ಅಲ್ವಾ, ಅವರನ್ನು ಯಾಕೆ ಕೇಳುವುದಿಲ್ಲ ಎಂದು ವ್ಯಾಪಾರಿ ತಿರುಗಿ ಕೇಳುತ್ತಾನೆ. ನಮ್ಮಲ್ಲಿ ‘ಹೊರಗೆ ಥಳಕು, ಒಳಗೆ ಹುಳುಕು’ ಅನ್ನುತ್ತೇವಲ್ಲ, ಅದೇ. ನೀವು ಆ ಹೊಳಪು ನೋಡಿ ಉಸಿರು ಕಟ್ಟಿದ ಹಾಗಾಯಿತು ಎಂದು ಬರೆದಿದ್ದೀರಿ. ಹಾಗೆ ಆಗಲಿ ಎಂದೇ ಅದನ್ನು ಮಾಡಿದ್ದಾರೆ. ಆ ಅರಮನೆಯಲ್ಲಿ ಒಂದು ಕಿಟಕಿಯಿಂದಾದರೂ ಹೊರಗಿನ ಗಾಳಿ ಬಂದ ನೆನಪಿದೆಯಾ?

ಖರ್ಚಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2006ರಲ್ಲಿ ಬಿಡುಗಡೆಯಾದಾಗ ಇದು ಅಲ್ಲಿಯವರೆಗಿನ ಚೀನೀ ಚಿತ್ರಗಳಲ್ಲೇ ದುಬಾರಿಯದು, ಸುಮಾರು 4.5 ಕೋಟಿ ಡಾಲರ್. ಝೆಜಿಯಾಂಗ್ ಪ್ರಾಂತ್ಯದ ಹೆಂಗ್‌ದಿಯನ್ ಎಂಬಲ್ಲಿ ದೊಡ್ಡ ಸ್ಟುಡಿಯೋ ಊರೇ ಇದೆ, ಅರಮನೆಯ ದೃಶ್ಯಗಳನ್ನು ತೆಗೆದದ್ದು ಅಲ್ಲಿ. ವಸ್ತ್ರ ವಿನ್ಯಾಸಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಉಡುಪಿನ ಬಗ್ಗೆ ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ. ಚೀನಾದ ತಾಂಗ್ ರಾಜವಂಶದ ಕಾಲದ ಹೆಂಗಸರು ಕೊರಳು ಇಳಿಸಿದ ಉಡುಪು ತೊಡುತ್ತಿದ್ದದ್ದು ನಿಜ. ಷಿಯಾನ್ ನಗರದ ಹತ್ತಿರ ರಾಜಕುಮಾರಿ ಯೊಂಗ್‌ತಾಯ್ ಸಮಾಧಿಯ ಗೋಡೆ ಚಿತ್ರಗಳಲ್ಲಿ ಅದನ್ನು ನೋಡಬಹುದು, ಅವು 706ರವು. ಆದರೆ ಅಲ್ಲಿ ಸಹಜವಾಗಿ ಕಾಣುವುದನ್ನು ಚಿತ್ರ ಎಳೆದು ಬಿಗಿಮಾಡಿದೆ. ಅದು ಬೇಕಿರಲಿಲ್ಲ.

ಸೇವಂತಿಗೆಯ ವಿಷಯಕ್ಕೆ ಬರೋಣ. ಕಥೆ ನಡೆಯುವುದು ಒಂಬತ್ತನೇ ತಿಂಗಳ ಒಂಬತ್ತನೇ ದಿನದ ಚೊಂಗ್‌ಯಾಂಗ್ ಹಬ್ಬದ ಸುತ್ತ. ಅವತ್ತು ಮನೆಯವರೆಲ್ಲ ಸೇರಿ ಎತ್ತರದ ಜಾಗ ಹತ್ತಬೇಕು, ಸೇವಂತಿಗೆ ಮದ್ಯ ಕುಡಿಯಬೇಕು. ಚೀನೀಯಲ್ಲಿ ಒಂಬತ್ತು ಎನ್ನುವುದಕ್ಕೂ ಬಹುಕಾಲ ಎನ್ನುವುದಕ್ಕೂ ಒಂದೇ ಉಚ್ಚಾರ. ಹಾಗಾಗಿ ದೀರ್ಘಾಯುಷ್ಯ ಹಾರೈಸುವ ಹಬ್ಬ ಅದು. ಅದೇ ಹಬ್ಬಕ್ಕೆ ಈ ಮನೆಯ ಒಬ್ಬೊಬ್ಬರೂ ಇನ್ನೊಬ್ಬರ ಸಾವಿಗೆ ಸಿದ್ಧತೆ ಮಾಡಿಕೊಳ್ಳುತ್ತಿರುತ್ತಾರೆ.

ಚಿತ್ರದ ಚೀನೀ ಹೆಸರಿಗೆ ‘ಇಡೀ ನಗರ ಚಿನ್ನದ ಕವಚ ತೊಟ್ಟಿದೆ’ ಎಂದು ಅರ್ಥ. ಅದು ಹುವಾಂಗ್ ಚಾವ್ ಬರೆದ ಪದ್ಯದ ಕೊನೆಯ ಸಾಲು. ಅವನು ಸರ್ಕಾರಿ ಪರೀಕ್ಷೆಯಲ್ಲಿ ಫೇಲಾದವನು, ಉಪ್ಪಿನ ವ್ಯಾಪಾರದ ಮನೆತನದವನು. ಸಿಟ್ಟಿನಲ್ಲಿ ಬರೆದ ನಾಲ್ಕು ಸಾಲು: ಒಂಬತ್ತನೇ ತಿಂಗಳ ಎಂಟನೇ ದಿನ ಬರಲಿ, ನನ್ನ ಹೂ ಅರಳಿದ ಮೇಲೆ ಉಳಿದ ಹೂಗಳೆಲ್ಲ ಸಾಯುತ್ತವೆ, ಅದರ ಘಮ ಚಾಂಗ್‌ಆನ್ ಅನ್ನು ತುಂಬುತ್ತದೆ, ಇಡೀ ನಗರ ಚಿನ್ನದ ಕವಚ ತೊಟ್ಟಿರುತ್ತದೆ. (ಹಬ್ಬ ಒಂಬತ್ತಕ್ಕೆ, ಪದ್ಯದಲ್ಲಿ ಎಂಟು. ಪ್ರಾಸ ಕೂರಲಿ ಎಂದು ಹಾಗೆ ಮಾಡಿದ್ದು ಎನ್ನುತ್ತಾರೆ.) ಹಳದಿ ಎಸಳೇ ಅವನಿಗೆ ಕವಚವಾಗಿ ಕಂಡಿದೆ. ಮುಂದೆ ಅವನು ನಿಜವಾಗಿಯೂ ದಂಗೆಯೆದ್ದು ತಾಂಗ್ ರಾಜಧಾನಿ ಚಾಂಗ್‌ಆನ್ ಹಿಡಿದ. 884ರಲ್ಲಿ ಸೋತು ಸತ್ತ. ಚಿತ್ರದಲ್ಲಿ ತಾಯಿಯ ಪರವಾಗಿ ದಂಗೆಯೆದ್ದ ಎರಡನೇ ರಾಜಕುಮಾರನ ಸೈನ್ಯ ಚಿನ್ನದ ಕವಚದಲ್ಲಿ ಸೇವಂತಿಗೆ ತುಳಿಯುತ್ತಾ ಬರುವುದನ್ನು ಈ ಪದ್ಯ ಬಲ್ಲ ಚೀನೀಯರು ನೋಡಿದಾಗ, ಇವರು ಸೋಲುತ್ತಾರೆ ಎಂದು ಮೊದಲೇ ತಿಳಿಯುತ್ತದೆ.

ನಿಜವಾಗಿ ನಡೆದಿತ್ತಾ ಎಂದು ಕೇಳಿದ್ದೀರಿ. ಈ ಚಕ್ರವರ್ತಿ, ಈ ರಾಣಿ ಇರಲಿಲ್ಲ. ಕಥೆಯ ಕಾಲ 928 ಎನ್ನುತ್ತಾರೆ. ಅಸಲಿ ತಾಂಗ್ ವಂಶ 907ರಲ್ಲೇ ಮುಗಿದಿತ್ತು. ಆಮೇಲೆ 960ರವರೆಗೆ ಉತ್ತರ ಚೀನಾದಲ್ಲಿ ಐದು ವಂಶಗಳು ಒಂದರ ಮೇಲೊಂದು ಬಂದು ಬಿದ್ದವು. ಅದರಲ್ಲಿ ಮೊದಲನೆಯದನ್ನು ಕಟ್ಟಿದ ಝೂ ವೆನ್‌ನನ್ನು 912ರಲ್ಲಿ ಅವನ ಮಗನೇ ಕೊಲ್ಲಿಸಿದ. ಮರುವರ್ಷ ಆ ಮಗನ ಮೇಲೆ ಅವನ ತಮ್ಮನ ಕಡೆಯವರು ದಂಗೆಯೆದ್ದರು, ಅವನೂ ಸತ್ತ. 928ರಲ್ಲಿ ಆಳುತ್ತಿದ್ದವನು ತಾಂಗ್ ಹೆಸರನ್ನೇ ಮತ್ತೆ ಇಟ್ಟುಕೊಂಡಿದ್ದ ಎರಡನೇ ವಂಶದ ಲಿ ಸಿಯುವಾನ್. 933ರಲ್ಲಿ ಅವನು ಕಾಯಿಲೆ ಬಿದ್ದಾಗ ಮಗ ಲಿ ತ್ಸೊಂಗ್‌ರೊಂಗ್ ಸೈನ್ಯ ಕಟ್ಟಿಕೊಂಡು ಅರಮನೆಗೆ ನುಗ್ಗಲು ಹೋಗಿ ಸತ್ತ. ಕೆಲವೇ ದಿನದಲ್ಲಿ ಅಪ್ಪನೂ ಹೋದ. ನಮ್ಮ ಇಮ್ಮಡಿ ಪುಲಕೇಶಿಯ ನಾಡಿನ ಬಗ್ಗೆ ಬರೆದಿಟ್ಟ ಹುಯೆನ್ ತ್ಸಾಂಗ್ ನಿಮಗೆ ಗೊತ್ತು, ಎಷ್ಟು ವರ್ಷ ಪಾಠ ಮಾಡಿದ್ದೀರೋ. ಅವರು 645ರಲ್ಲಿ ಊರಿಗೆ ಮರಳಿದಾಗ ಬರಮಾಡಿಕೊಂಡ ಚಕ್ರವರ್ತಿ ತಾಯ್‌ಝೊಂಗ್. ಚೀನಾ ಕಂಡ ದೊಡ್ಡ ದೊರೆಗಳಲ್ಲಿ ಒಬ್ಬ. ಅವನು 626ರಲ್ಲಿ ಅರಮನೆಯ ಉತ್ತರ ಬಾಗಿಲಲ್ಲಿ ಅಣ್ಣನನ್ನೂ ತಮ್ಮನನ್ನೂ ಕೊಂದು, ಎರಡು ತಿಂಗಳಲ್ಲಿ ಅಪ್ಪನಿಂದ ಸಿಂಹಾಸನ ಪಡೆದವನು. ಹಾಗಾಗಿ ಚಿತ್ರದ ರಕ್ತ ಜಾಸ್ತಿಯಾಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಜಾಸ್ತಿಯಾದದ್ದು ಬೇರೆ ಇದೆ. ಅಂಗಳದ ಯುದ್ಧ ತೀರಾ ಉದ್ದ. ಕಂಪ್ಯೂಟರಿನಲ್ಲಿ ಹುಟ್ಟಿದ ಸೈನಿಕರ ಸಾಲು ಕಂಡಾಗ ಯಾರ ಸಾವೂ ತಟ್ಟುವುದಿಲ್ಲ. ಕಿರಿಯ ರಾಜಕುಮಾರ ಇದ್ದಕ್ಕಿದ್ದ ಹಾಗೆ ಕತ್ತಿ ಹಿರಿಯುತ್ತಾನೆ. ಆ ಹುಡುಗನನ್ನು ಅದಕ್ಕೂ ಮುಂಚೆ ಇನ್ನೂ ಸ್ವಲ್ಪ ತೋರಿಸಬೇಕಿತ್ತು. ಮನೆಯಲ್ಲಿ ಅವನನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ, ಚಿತ್ರವೂ ನೋಡಲಿಲ್ಲ. ಇದರಲ್ಲೆಲ್ಲ ನಾನು ನಿಮ್ಮ ಕಡೆಗೇ ಇದ್ದೇನೆ.

ಆದರೆ ಯುದ್ಧ ಮುಗಿದ ಮೇಲಿನ ಕೆಲವು ನಿಮಿಷಗಳನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಹೆಣಗಳನ್ನು ಎಳೆದು ಸಾಗಿಸುತ್ತಾರೆ. ಕಲ್ಲಿನ ಮೇಲಿನ ರಕ್ತ ತೊಳೆಯುತ್ತಾರೆ. ಹೊಸ ಜಮಖಾನೆ ಹಾಸುತ್ತಾರೆ. ತುಳಿದುಹೋದ ಸೇವಂತಿಗೆಯ ಜಾಗದಲ್ಲಿ ಹೊಸ ಕುಂಡಗಳನ್ನು ಸಾಲಾಗಿ ಜೋಡಿಸುತ್ತಾರೆ. ಯಾರೂ ಮಾತಾಡುವುದಿಲ್ಲ. ನೋಡ ನೋಡುತ್ತಲೇ ಏನೂ ನಡೆದಿಲ್ಲ ಎನ್ನುವ ಹಾಗಾಗುತ್ತದೆ, ಹಬ್ಬ ಶುರುವಾಗುತ್ತದೆ. ಒಂದು ಮನೆ ತನ್ನ ಕೊಳೆ ಮುಚ್ಚಿಕೊಳ್ಳುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ದೃಶ್ಯ ನನಗೆ ಬೇರೆ ನೆನಪಿಲ್ಲ.

ಆಮೇಲೆ ಊಟದ ಮೇಜು. ಸೋತ ಮಗನಿಗೆ ಅಪ್ಪ ಹೇಳುತ್ತಾನೆ: ನಿನ್ನನ್ನು ಕ್ಷಮಿಸುತ್ತೇನೆ, ಇನ್ನು ಮೇಲೆ ತಾಯಿಗೆ ದಿನಾ ಔಷಧ ಕುಡಿಸುವ ಕೆಲಸ ನಿನ್ನದು. ಆ ಒಬ್ಬ ಮಗ ಮಾತ್ರ ಒಪ್ಪುವುದಿಲ್ಲ. ಅಲ್ಲೇ ಪ್ರಾಣ ಬಿಡುತ್ತಾನೆ. ಹಿಂದೆಯೇ ಬಟ್ಟಲು ಮತ್ತೆ ಬರುತ್ತದೆ. ರಾಣಿ ಅದನ್ನು ಎತ್ತಿ ಎಸೆಯುತ್ತಾಳೆ. ಚಿನ್ನದಲ್ಲಿ ಕೆತ್ತಿದ ಸೇವಂತಿಗೆಯ ಮೇಲೆ ಔಷಧ ಬಿದ್ದು ಅದನ್ನು ಸುಡುತ್ತದೆ. ಕೊನೆಗೂ ಅವಳು ಬೇಡ ಎಂದಳು. ಆಗ ಅವಳಿಗೆ ಕಳೆದುಕೊಳ್ಳಲು ಒಂದು ಮಗುವೂ ಉಳಿದಿರುವುದಿಲ್ಲ.

ಮಲಮಗನ ಜೊತೆಗಿನ ಸಂಬಂಧ ತಪ್ಪು, ಅದನ್ನು ನಾನು ಸರಿ ಎನ್ನುತ್ತಿಲ್ಲ. ಚಿತ್ರವೂ ಎನ್ನುವುದಿಲ್ಲ. ಆದರೆ ಮೊದಲ ಹೆಂಡತಿಯನ್ನು ಸೆರೆಗೆ ತಳ್ಳಿ, ರಾಜನ ಮಗಳು ಎಂಬ ಕಾರಣಕ್ಕೆ ಇವಳನ್ನು ಕಟ್ಟಿಕೊಂಡವನು ಆ ಗಂಡ. ಅವಳ ತಪ್ಪಿಗೆ ದಿನಕ್ಕೆ ಇಷ್ಟು ಬಟ್ಟಲು ಎಂದು ಲೆಕ್ಕ ಕಟ್ಟಿದವನೂ ಅವನೇ.

ನಿಮ್ಮ ಸೊಸೆ ಯಾಕೆ ಅತ್ತರು ಎಂದು ನಾನು ಊಹಿಸುವುದು ಸರಿಯಲ್ಲ. ನನ್ನ ದೊಡ್ಡಮ್ಮನನ್ನು ಆ ಮಾತ್ರೆಯ ಬಗ್ಗೆ ನಾನು ಒಮ್ಮೆಯೂ ಕೇಳಲಿಲ್ಲ. ಕೇಳಲು ಹದಿನೆಂಟು ವರ್ಷ ಇತ್ತು. ನೀವು ಕೇಳಿದ್ದೀರಿ. ಟೀವಿ ಮುಂದೆ ಬೇಡ, ಅಡುಗೆಮನೆಯಲ್ಲಿ ಇಬ್ಬರೇ ಇರುವಾಗ ಇನ್ನೊಮ್ಮೆ ಕೇಳಿ ನೋಡಿ. ಅವರಿಗೆ ಇಷ್ಟವಿದ್ದರೆ ನಮಗೂ ಬರೆಯಲಿ. ಹೆಸರು ಹಾಕುವುದಿಲ್ಲ.

ನಿಮ್ಮ,
ಸಂಪಾದಕ