ಪ್ರೂಫ್ ಪರೀಕ್ಷೆ ದಾಟಿದ ಬಂದೂಕಿಗೆ ಮಿತಿಗಿಂತ ಹೆಚ್ಚು ಒತ್ತಡದ ತೋಟಾ ಹಾಕಬಹುದೇ?

ದಯವಿಟ್ಟು ಹಾಕಬೇಡಿ. ಬೇಕೆಂದೇ ಮಿತಿಮೀರಿದ ಒತ್ತಡದ ತೋಟಾ ಹಾರಿಸಿ, ನಳಿಕೆ ಮತ್ತು ಚೇಂಬರ್ (ತೋಟಾ ಕೂರುವ ಗೂಡು) ಬಿರಿಯದೆ, ಉಬ್ಬದೆ ಉಳಿಯುತ್ತವೆಯೇ ಎಂದು ನೋಡುವುದೇ ಪ್ರೂಫ್ ಪರೀಕ್ಷೆ. ಉಳಿದರೆ ಉಕ್ಕಿನ ಮೇಲೆ ಮುದ್ರೆ ಬೀಳುತ್ತದೆ. ಬಂದೂಕು, ತೋಟಾಗಳ ಸುರಕ್ಷತಾ ಮಾನದಂಡ ನಿಗದಿಪಡಿಸುವ ಅಂತರರಾಷ್ಟ್ರೀಯ ಸಂಸ್ಥೆ ಸಿಐಪಿಯ ನಿಯಮದಂತೆ 9 ಎಂಎಂ ಲ್ಯೂಗರ್ ತೋಟಾದ ಗರಿಷ್ಠ ಒತ್ತಡ 2350 ಬಾರ್. ಪರೀಕ್ಷೆ ಅದರ ಶೇ 130ರಷ್ಟು, ಅಂದರೆ ಸುಮಾರು 3055 ಬಾರ್‌ನಲ್ಲಿ ನಡೆಯುತ್ತದೆ. ಕಾರಿನ ಟೈರಿನೊಳಗಿನ ಒತ್ತಡ ಎರಡು ಬಾರ್ ಚಿಲ್ಲರೆ ಮಾತ್ರ ಎಂಬುದನ್ನು ನೆನೆದರೆ ಇದರ ಅಗಾಧತೆ ತಿಳಿದೀತು.

ಆ ಹೆಚ್ಚುವರಿ ಅಂತರ ಮೀಸಲು ಬಲ. ತೋಟಾದಿಂದ ತೋಟಾಕ್ಕೆ ಒತ್ತಡ ತುಸು ಏರುಪೇರಾಗುತ್ತದೆ. ಬಿಸಿಲಿಗೆ ಕಾದ ಮದ್ದು ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ಮುದ್ರೆ ಹೇಳುವುದು ಪರೀಕ್ಷೆಯ ದಿನದ ಸ್ಥಿತಿಯನ್ನು ಮಾತ್ರ. ಪ್ರತಿ ಬಾರಿಯೂ ಮಿತಿ ಮೀರಿದರೆ ಉಕ್ಕು ದಣಿಯುತ್ತದೆ. ಪ್ರೈಮರ್ (ತೋಟಾದ ತಳದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಚಪ್ಪಟೆಯಾಗಿದ್ದರೆ, ಹಾರಿಸಿದ ತೋಟಾದ ಖಾಲಿ ಕೋಶ ಚೇಂಬರಿನಿಂದ ಬಿಡಿಸಿಕೊಳ್ಳದೆ ಹಟ ಹಿಡಿದರೆ ಕೂಡಲೇ ನಿಲ್ಲಿಸಿ.